ಗಂಗಮ್ಮನ ಮಟ್ಟೆ, ನಮ್ಮೂರ ಕಸ

ಈ ಊರಿಗೆ ಬಂದ ಐದನೆಯ ದಿನ ನನ್ನ ಮನೆಯ ಕಸ ನನಗೇ ವಾಪಸ್ ಬಂತು.

ಬೆಳಗ್ಗೆ ಹಾಡು ಹಾಕಿಕೊಂಡು ಒಂದು ಪುಟ್ಟ ಗಾಡಿ ಬೀದಿಗೆ ಬಂದಿತ್ತು. ಎಲ್ಲರೂ ಏನೋ ಕೊಡುತ್ತಿದ್ದರು. ನಾನೂ ಒಂದು ಚೀಲ ತುಂಬಿ ಗೇಟಿನ ಬಳಿ ಇಟ್ಟು ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ತೆರೆದು ನೋಡಿದರೆ ಗಾಡಿ ಓಡಿಸುವ ಹೆಂಗಸು, ಸೀರೆಯ ಮೇಲೊಂದು ಹಸಿರು ಕೋಟು ತೊಟ್ಟು, ನನ್ನ ಚೀಲವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ಅಕ್ಕ, ಇದು ನಿಮ್ದೇ ತಾನೆ? ಅನ್ನ, ಹಾಲಿನ ಕವರ್ರು, ಬ್ಲೇಡು, ಎಲ್ಲಾ ಕಲಸ್ಬುಟ್ಟಿದ್ದೀರಲ್ರೀ. ಬೇರೆ ಬೇರೆ ಮಾಡಿ ಶನಿವಾರ ಕೊಡಿ, ತಗಂಡು ಹೋಯ್ತೀನಿ."

ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದರು. ಇಂಗು ತಿಂದ ಮಂಗನ ಹಾಗೆ ಚೀಲ ಇಸಿದುಕೊಂಡೆ. ಭೀಮಾತೀರದ ನಮ್ಮ ಹಳ್ಳಿಯಲ್ಲಿ ಕಸವೆಂದರೆ ತಿಪ್ಪೆಗೆ ಚೆಲ್ಲಿ ಕೈ ತೊಳೆದುಕೊಳ್ಳುವುದು, ಅಷ್ಟೇ. ಅದು ಬಾಗಿಲು ತಟ್ಟಿಕೊಂಡು ಹಿಂದಕ್ಕೆ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅವತ್ತು ಮಧ್ಯಾಹ್ನ ಚೀಲವನ್ನು ಹಿತ್ತಲಲ್ಲಿ ಸುರಿದುಕೊಂಡು ಬೇರೆ ಮಾಡುತ್ತಾ ಅತ್ತೇಬಿಟ್ಟೆ. ಕಸಕ್ಕೋಸ್ಕರ ಅತ್ತದ್ದಲ್ಲ ಅದು, ಊರಿಗೋಸ್ಕರ.

ನನ್ನ ಗಂಡ ಪಶು ಆಸ್ಪತ್ರೆಯಲ್ಲಿ ನೌಕರ, ಊರವರ ಬಾಯಲ್ಲಿ ಡಾಕ್ಟ್ರು. ವರ್ಗವಾಗಿ ಬಂದದ್ದು ತಿಪಟೂರು ತಾಲ್ಲೂಕಿನ ಈ ಹಳ್ಳಿಗೆ. ನೊಣವಿನಕೆರೆಯ ಬಸ್ಸು ಹಿಡಿದರೆ ಸ್ವಲ್ಪ ದೂರ. ನಮ್ಮ ಕಡೆಯವರಿಗೆ ಈ ಸೀಮೆಯನ್ನು ಹೇಗೆ ಹೇಳಲಿ? ಅಲ್ಲಿ ಹೊಲದಲ್ಲಿ ನಿಂತರೆ ಮುಗಿಲು ನೆಲ ಮುಟ್ಟುವ ತನಕ ಕಾಣುತ್ತದೆ. ಇಲ್ಲಿ ತಲೆಯೆತ್ತಿದರೆ ಬರೀ ತೆಂಗಿನ ಗರಿ, ಅದರ ಸಂದಿಯಲ್ಲಿ ಒಂದಿಷ್ಟು ಆಕಾಶ. ಮನೆಯ ಅಟ್ಟದಲ್ಲೂ ತೆಂಗಿನಕಾಯಿಯೇ. ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಲ್ಲೇ ಬಿದ್ದಿದ್ದು ಒಳಗೊಳಗೇ ಒಣಗಿ ಕೊಬ್ಬರಿಯಾಗುತ್ತವೆ. ಅಷ್ಟು ಭಾರದ ಕೆಳಗೆ ಜನ ನೆಮ್ಮದಿಯಾಗಿ ಗೊರಕೆ ಹೊಡೆಯುವುದನ್ನು ಕಂಡು ನನಗೆ ಮೊದಲ ವಾರ ನಿದ್ದೆಯೇ ಬರಲಿಲ್ಲ. ಜೋಳದ ರೊಟ್ಟಿ ಇಲ್ಲಿ ಖಾನಾವಳಿಯ ತಿಂಡಿ. ಮನೆಯಲ್ಲಿ ಎರಡು ಹೊತ್ತೂ ರಾಗಿ ಮುದ್ದೆ. ನಾನು ಮುದ್ದೆ ಅಗಿಯುವುದನ್ನು ಕಂಡು ನಮಗೆ ಪಕ್ಕದ ಭಾಗ ಬಾಡಿಗೆಗೆ ಕೊಟ್ಟಿದ್ದ ಮನೆಯ ಒಡತಿ ಗಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ನುಂಗವ್ವ, ನುಂಗು! ಅದೇನ್ ಕಬ್ಬಾ?"

ಗಂಗಮ್ಮನವರಿಗೆ ಅರವತ್ತು ದಾಟಿದೆ. ಮಗ, ಸೊಸೆ, ಎರಡು ಹಸು, ಮನೆ ಹಿಂದೆಯೇ ತೋಟ. ಮಗ ಸೊಸೆ ಇಬ್ಬರಿಗೂ ತಿಪಟೂರಿನಲ್ಲಿ ಕೆಲಸ. ಮನೆಯ ಯಜಮಾನಿಕೆ ಮಾತ್ರ ಅವರದೇ, ನಮ್ಮ ಬೀದಿಯ ಯಜಮಾನಿಕೆಯೂ ಹೆಚ್ಚುಕಡಿಮೆ ಅವರದೇ. ಅವರು ಹೂಂ ಅಂದರೆ ಬೀದಿ ಹೂಂ, ಊಹೂಂ ಅಂದರೆ ಊಹೂಂ. ನಾನು ಹೊರಗೆ ಬಾರದೆ ಒಳಗೇ ಕೂತಿರುತ್ತಿದ್ದೆನಲ್ಲ, ಒಂದು ದಿನ ಅವರೇ ಬಂದು ಎಬ್ಬಿಸಿದರು. "ಊರಿಗೆ ಬಂದೋಳು ನೀರಿಗೆ ಬರ್ದೇ ಇರಕಾಯ್ತದಾ? ನಡಿ, ಪಂಚಾಯ್ತಿ ಮುಂದೆ ಸಭೆ ಐತೆ."

ಆ ಸಭೆಯನ್ನು ನಾನು ಮರೆಯಲಾರೆ. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಎಲ್ಲರೂ ಪಿಡಿಓ ಮೇಡಂ ಎನ್ನುವವರು, ಭಾಷಣ ಮಾಡುತ್ತಾರೆಂದುಕೊಂಡಿದ್ದೆ. ಆಕೆ ಅರಳಿಕಟ್ಟೆಯ ಮುಂದೆ ಒಂದು ಗೋಣಿ ಹಾಸಿ, ತಮ್ಮದೇ ಕಚೇರಿಯ ಕಸದ ಬುಟ್ಟಿಯನ್ನು ಅದರ ಮೇಲೆ ಸುರಿದರು. ಟೀ ಲೋಟ, ಬಿಸ್ಕತ್ತಿನ ಕವರು, ಬಾಳೆಹಣ್ಣಿನ ಸಿಪ್ಪೆ. "ಮೊದಲ ಕಳ್ಳರು ನಾವೇ" ಎಂದು ನಕ್ಕು, ಕೂತು, ಕೈಯಿಂದಲೇ ಆರಿಸಿ ಬೇರೆ ಮಾಡಿದರು. ಕೊಳೆಯುವುದೆಲ್ಲ ನಿಮ್ಮ ಹಸುವಿಗೆ, ನಿಮ್ಮ ಮರದ ಬುಡಕ್ಕೆ. ಕೊಳೆಯದ ಒಣ ಕಸ ಮಾತ್ರ ನಮಗೆ. ಅಷ್ಟೇ ಪಾಠ. ಬಚ್ಚಲ ನೀರು ಚರಂಡಿಗೆ ಬಿಡುವವರಿಗೆ ಇಂಗುಗುಂಡಿ ಮಾಡಿಸಿಕೊಡುತ್ತೇವೆ, ಅರ್ಜಿ ಕೊಡಿ ಎಂದರು. ಗಾಡಿ ಮೊದಲು ಮಂಗಳವಾರ, ಶುಕ್ರವಾರ ಬರುತ್ತಿತ್ತಂತೆ. ಒಬ್ಬರೂ ಕಸ ಕೊಡಲಿಲ್ಲ. ಮಂಗಳವಾರ ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಕೊಡಬಾರದು, ಲಕ್ಷ್ಮಿ ಎದ್ದು ಹೋಗುತ್ತಾಳೆ. ಮೇಡಂ ಯಾರನ್ನೂ ಬಯ್ಯದೆ ಗಾಡಿಯನ್ನೇ ಬುಧವಾರ, ಶನಿವಾರಕ್ಕೆ ಬದಲಾಯಿಸಿದರಂತೆ. ಸರ್ಕಾರದವರು ಜನರ ನಂಬಿಕೆಗೆ ಇಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ನಮ್ಮ ಕಡೆಯೂ ಇಂಥವರು ಇದ್ದಾರು, ನಾನು ಮನೆ ಬಿಟ್ಟು ಹೊರಗೆ ಬಂದು ನೋಡಿದವಳಲ್ಲ.

ಆ ಸಭೆಯಲ್ಲೇ ಮೇಡಂ ಇನ್ನೊಂದು ಮಾತು ಹೇಳಿದರು. ಗಾಡಿಯ ಲಕ್ಷ್ಮಿದೇವಮ್ಮನಿಗೆ, ನನ್ನ ಕಸ ವಾಪಸ್ ತಂದವಳಿಗೆ, ಮಂಡಿನೋವು. ಮಹಿಳಾ ಸಂಘದಿಂದ ಇನ್ನೊಬ್ಬ ಚಾಲಕಿ ಬೇಕು, ಓಡಿಸಲು ಪಂಚಾಯಿತಿಯೇ ಕಲಿಸುತ್ತದೆ. ಯಾರೂ ಕೈಯೆತ್ತಲಿಲ್ಲ. ನಾನು ಎತ್ತಿದೆ. ಅದೇಕೆ ಎತ್ತಿದೆನೋ! ಊರಲ್ಲಿ ಅಪ್ಪನ ಟ್ರ್ಯಾಕ್ಟರಿನ ಮೇಲೆ ಕೂರುವುದಕ್ಕೂ ಬಿಟ್ಟಿರಲಿಲ್ಲ, ಆ ಸಿಟ್ಟೂ ಇದ್ದೀತು.

ಸಂಘಕ್ಕೆ ಸೇರಿದೆ, ಕಲಿತೆ, ಲೈಸೆನ್ಸೂ ಬಂತು. "ಎರಡು ತಿಂಗಳು ಓಡ್ಸಿ. ಬೀದಿಗಳೋರು ಒಪ್ಪಿದ್ರೆ ಗಾಡಿ ನಿಮ್ದು" ಎಂದರು ಮೇಡಂ. ಕಸದ ಗಾಡಿಯ ಸೀಟಿಗೆ ಇಷ್ಟು ಆಸೆಯೇ ಎಂದು ನೀವು ನಗಬಹುದು. ಆದರೆ ಈ ಊರಲ್ಲಿ ನಾನು ಅಲ್ಲಿಯವರೆಗೆ ಡಾಕ್ಟ್ರ ಮನೆಯೋರು, ಬಿಜಾಪುರದೋರು. ಆ ಸೀಟಿನಲ್ಲಿ ಕೂತಾಗ ಮಾತ್ರ ಜನ ನನ್ನನ್ನು ಸುಮಂಗಲಾ ಎಂದು ಕೂಗುತ್ತಿದ್ದರು. ಅದು ಕೈತಪ್ಪಿದರೆ ಮತ್ತೆ ಮನೆಯೊಳಗಿನ ಗೋಡೆಗಳೇ ಗತಿ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದು ಎರಡನೆಯ ವಾರ. ಗಂಗಮ್ಮ ತುರುವೇಕೆರೆಗೆ, ತಂಗಿಯ ಮನೆಗೆ ಹೋಗಿದ್ದರು. ಹಿತ್ತಲಲ್ಲಿ ಕಾಯಿ ಸುಲಿದ ಮಟ್ಟೆಯ ರಾಶಿ ಎದೆಯೆತ್ತರ ಬಿದ್ದಿತ್ತು. ಮಟ್ಟೆಯೆಂದರೆ ತೆಂಗಿನಕಾಯಿಯ ಹೊರಗಿನ ನಾರಿನ ಸಿಪ್ಪೆ. ಮುಟ್ಟಿ ನೋಡಿದೆ, ಒಣಗಿತ್ತು. ಒಣಗಿದ್ದು ಒಣ ಕಸ. ನನ್ನ ತರ್ಕ ಅಷ್ಟೇ. ಬಾಡಿಗೆ ಮನೆಯ ಹಿತ್ತಲು ಚೊಕ್ಕಟವಾಗಲಿ, ಮುದುಕಿ ಬಂದು ಖುಷಿಪಡಲಿ ಎಂದು ಇಡೀ ರಾಶಿಯನ್ನು ಹೇರಿ, ಎರಡು ಸಲ ಓಡಾಡಿ, ಪಂಚಾಯಿತಿಯ ಕಸ ವಿಂಗಡಿಸುವ ಶೆಡ್ಡಿಗೆ ಸಾಗಿಸಿದೆ. ಶೆಡ್ಡಿನ ಹೆಂಗಸರು ಊಟಕ್ಕೆ ಹೋಗಿದ್ದರು. ಇಲ್ಲದಿದ್ದರೆ ಅಲ್ಲೇ ತಡೆಯುತ್ತಿದ್ದರು. ಹಿತ್ತಲು ಗುಡಿಸಿ ರಂಗೋಲಿಯನ್ನೂ ಹಾಕಿದೆ.

ಸಂಜೆ ಗಂಗಮ್ಮ ಬಂದರು. ಹಿತ್ತಲ ಬಾಗಿಲಲ್ಲಿ ನಿಂತವರು ಕಾಲು ಕಿತ್ತಿಡಲಿಲ್ಲ.

"ನನ್ ಮಟ್ಟೆ ಎಲ್ಲವ್ವಾ?"

"ಯಮ್ಮಾ, ಒಣ ಕಸ ಅಂತ ಗಾಡ್ಯಾಗ ಹಾಕ್ದೆರಿ. ಎಷ್ಟ್ ಚಂದ ಕಾಣ್ತದ ನೋಡ್ರಿ ಈಗ."

"ಕಸ್ವಾ? ಬೇಸಿಗೆಗೆ ಮರದ್ ಬುಡಕ್ಕೆ ಹಾಕಕೆ ಅಂತ ವರ್ಸೆಲ್ಲಾ ಕೂಡಾಕಿದ್ನಲ್ಲೇ! ತೋಟದ್ ನೀರ್ನೇ ಹೊತ್ಕಂಡ್ ಹೋಗಿದ್ದೀಯಲ್ಲ! ಇಂಥೋಳ ಕೈಗೆ ಗಾಡಿ ಕೊಟ್ಟವ್ರಲ್ಲ, ಅವ್ರಿಗೇನ್ ಹೇಳಣ!"

ನನಗೆ ಆಗ ಹೊಳೆಯಿತು. ನಮ್ಮ ಕಣಿಕೆಯ, ಅಂದರೆ ಒಣ ಜೋಳದ ದಂಟಿನ, ಬಣವೆಯನ್ನು ಯಾರಾದರೂ ಕಸವೆಂದು ಹೊತ್ತೊಯ್ದಿದ್ದರೆ ಅಪ್ಪ ಬಾರುಕೋಲು ಹಿಡಿದು ಊರಾಚೆ ಅಟ್ಟುತ್ತಿದ್ದ. ಗಂಗಮ್ಮ ಬರೀ ಬಾಗಿಲು ಹಾಕಿಕೊಂಡರು. ಮುಂದಿನ ಬುಧವಾರ ನಮ್ಮ ಬೀದಿಯಲ್ಲಿ ಗಾಡಿಯ ಹಾಡು ಕೊನೆಯವರೆಗೂ ಮೊಳಗಿತು, ಒಂದೇ ಒಂದು ಚೀಲವೂ ಹೊರಗೆ ಬರಲಿಲ್ಲ. ಶನಿವಾರವೂ ಅದೇ. ಗಂಗಮ್ಮನವರ ಬಚ್ಚಲ ಒಲೆಯಿಂದ ಹಾಲಿನ ಕವರು ಸುಟ್ಟ ಕರಿ ವಾಸನೆ ಬರುತ್ತಿತ್ತು. ಹಂಡೆಯ ಒಲೆ ಹೊತ್ತಿಸಲು ಕವರು ಹಾಕುವುದು ಅವರ ಹಳೆಯ ರೂಢಿ, ಈಗ ಅದಕ್ಕೆ ಹಟವೂ ಸೇರಿತ್ತು.

ಮೇಡಂ ಕರೆಸಿದರು. ಕೆಲಸ ಹೋಯಿತೆಂದೇ ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು.

"ಯಾವ್ದು ಕಸ ಅಂತ ನಾವು ನಿಮ್ಗೆ ಹೇಳ್ಕೊಟ್ವಿ. ಯಾವ್ದು ಕಸ ಅಲ್ಲ ಅನ್ನೋದನ್ನ ಹೇಳ್ಕೊಡ್ಲಿಲ್ಲ, ಅದು ನಮ್ ತಪ್ಪು. ಗಂಗಮ್ಮನೋರು ಹೇಳ್ಕೊಡ್ತಾರೆ, ಬನ್ನಿ."

ಮಟ್ಟೆಯೆಲ್ಲ ಶೆಡ್ಡಿನಲ್ಲಿ ಹಾಗೇ ಇತ್ತು. ಅದೇ ಗಾಡಿಯಲ್ಲಿ ಮತ್ತೆ ಎರಡು ಸಲ ಹೇರಿಕೊಂಡು ಬಂದೆ. ಲಕ್ಷ್ಮಿದೇವಮ್ಮ ಮಂಡಿನೋವಿನಲ್ಲೂ ಕುಂಟುತ್ತಾ ಬಂದು ಕೈಜೋಡಿಸಿದಳು. ಮೇಡಂ ಮುಂದೆ ನಿಂತು ಗಂಗಮ್ಮನವರಿಗೆ ಕೈಮುಗಿದರು. ಉದ್ಯೋಗ ಖಾತ್ರಿಯಲ್ಲಿ ಮರದ ಸಾಲುಗಳ ನಡುವೆ ಗುಂಡಿ ತೆಗೆಸಿಕೊಡುವುದಕ್ಕೆ ಅವಕಾಶವಿದೆ, ಮಟ್ಟೆ ತುಂಬುವ ಕ್ರಮವನ್ನು ನೀವು ಈ ಹೆಣ್ಣುಮಗಳಿಗೆ ಕಲಿಸಿದರೆ ಇವಳು ನಾಲ್ಕು ಬೀದಿಗೆ ಹೇಳಿಯಾಳು ಎಂದರು. ಗಂಗಮ್ಮ ನನ್ನ ಮುಖ ನೋಡದೆ, "ಗುಂಡಿ ತೆಗೀಲಿ, ಆಮೇಲ್ ನೋಡಣ ಬುಡಿ" ಎಂದು ಒಳಗೆ ಹೋದರು.

ಗುಂಡಿಗಳಾದ ಮೇಲೆ ಒಂದು ಬೆಳಗ್ಗೆ ಅವರೇ ಕೂಗಿದರು. ಗುಂಡಿಗಿಳಿದು ನಾನು ಮಟ್ಟೆಗಳನ್ನು ಬೋರಲು ಜೋಡಿಸುತ್ತಿದ್ದೆ.

"ಬೋರಲಾಕ್ಬ್ಯಾಡ ಕಣವ್ವ. ಅಂಗಾತ ಹಾಕು. ಬೊಗಸೆ ಹಿಡ್ದಂಗಿರ್ಬೇಕು. ಮಳೆ ನೀರು ಅದ್ರೊಳಗೆ ನಿಂತ್ಕಬೇಕು."

ಒಂದು ಸಾಲು ಜೋಡಿಸಿ, ಮಣ್ಣು ಹಾಕಿ, ಮತ್ತೊಂದು ಸಾಲು. ಬರದ ನಾಡಿನವಳು ನಾನು, ನೀರನ್ನು ಬೊಗಸೆಯಲ್ಲಿ ಕುಡಿದು ಗೊತ್ತೇ ಹೊರತು ನೆಲದೊಳಗೆ ಹೀಗೆ ಬೊಗಸೆ ಒಡ್ಡಿ ಬಚ್ಚಿಡುವುದು ಗೊತ್ತಿರಲಿಲ್ಲ. ಕೊನೆಯ ಗುಂಡಿಗೆ ಒಲೆಯ ಬೂದಿಯನ್ನೂ ಹಾಕು ಎಂದು ಅವರು ತುಂಬಿದ ಮಂಕರಿ ಕೊಟ್ಟರು. ಬೂದಿಯೊಳಗೆ ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಕರಗಿ ಮುದ್ದೆಗಟ್ಟಿದ ಹಾಲಿನ ಕವರು. ಹೇಳಲೋ ಬೇಡವೋ? ಈಗಷ್ಟೇ ಮತ್ತೆ ಮಾತಾಡಲು ಶುರುಮಾಡಿದ್ದಾರೆ. ಆದರೆ ಹೇಳದಿದ್ದರೆ ಆ ಸೀಟಿನಲ್ಲಿ ಕೂರುವುದೇಕೆ?

"ಯಮ್ಮಾ, ಮಟ್ಟಿ ನೀರು ಹಿಡೀತದ. ಇದು ಹಿಡಿಯೂದಿಲ್ಲ, ಕೆಳಗ ಬಿಡೂದೂ ಇಲ್ಲ. ನಿಮ್ ಮಟ್ಟಿ ಒಯ್ದದ್ದು ನನ್ ತಪ್ಪು. ಇದನ್ನ ನನಗ ಕೊಡದ ಇಲ್ಲಿ ಹಾಕೂದು ನಿಮ್ ತಪ್ಪು."

ಗಂಗಮ್ಮ ಆ ಕರಿ ಮುದ್ದೆಯನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟುಹೋದರು. ಕೆಟ್ಟೆ ಎಂದುಕೊಂಡೆ.

ಬುಧವಾರ ಹಾಡು ಹಾಕಿಕೊಂಡು ನಮ್ಮ ಬೀದಿಗೆ ತಿರುಗಿದೆ. ಮೊದಲ ಗೇಟಿನಲ್ಲೇ ಗಂಗಮ್ಮ ನಿಂತಿದ್ದರು. ಕೈಯಲ್ಲಿ ತೊಳೆದು ಒಣಗಿಸಿ, ಒಂದರ ಮೇಲೊಂದು ಮಡಿಸಿ, ತೆಂಗಿನ ನಾರಿನಿಂದ ಕಟ್ಟಿದ ಹಾಲಿನ ಕವರುಗಳ ಕಟ್ಟು. ಮೇಲೆ ಆ ಕರಿ ಮುದ್ದೆ.

"ತಗೋ. ಎಲ್ಲಾ ಸರ್ಯಾಗ್ ಐತಾ ನೋಡ್ಕಂಡ್ ತಗೋ. ಆಮೇಲೆ ವಾಪಸ್ ತಂದ್ಕೊಟ್ರೆ ನಾನ್ ಸುಮ್ಕಿರಲ್ಲ!" ಎಂದು ಬೀದಿಗೆಲ್ಲ ಕೇಳುವಂತೆ ಗದರಿದರು. ಒಂದೊಂದಾಗಿ ಗೇಟುಗಳು ತೆರೆದವು. ನಾನು ಗಾಡಿಯೊಳಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಎರಡು ತಿಂಗಳು ತುಂಬಿದ ದಿನ ಮೇಡಂ ಗಾಡಿ ಇನ್ನು ನಿಮ್ದೇ ಎಂದು, ಹಸಿರು ಕೋಟಿನ ಅಳತೆ ಕೇಳಿದರು.

ಹೋದ ಪಂಚಮಿಗೆ ತವರಿಗೆ ಹೋಗಿದ್ದೆ. ರೊಟ್ಟಿ, ಪುಂಡಿಪಲ್ಯ, ಅವ್ವನ ಬೈಗುಳ, ಎಲ್ಲ ಹೊಟ್ಟೆ ತುಂಬ ಆಯಿತು. ಆದರೆ ಶಾಂಪೂ ಚೀಟಿ ಹರಿದು ಕೈಯಲ್ಲಿ ಹಿಡಿದರೆ ಎಲ್ಲಿ ಹಾಕಬೇಕೋ ತಿಳಿಯದು. ತಿಪ್ಪೆಗೆ ಎಸೆಯಲು ಕೈ ಬರಲಿಲ್ಲ. ಅಣ್ಣ ತಂದ ಚುರುಮುರಿಯ ಕವರು, ಎಣ್ಣೆಯ ಕವರು, ಎಲ್ಲವನ್ನೂ ತೊಳೆದು ಮಡಿಸಿ ಇಡುತ್ತಾ ಹೋದೆ. ಹೊರಡುವ ದಿನ ಅವ್ವ ನನ್ನ ಬ್ಯಾಗಿಗೆ ರೊಟ್ಟಿ ತುಂಬುವಾಗ ಆ ಕಟ್ಟು ಕಂಡಳು.

"ಇದೇನವಾ? ಕಸಾನೂ ಕಟಗೊಂಡು ನಿಮ್ಮೂರಿಗಿ ಒಯ್ಯಾಕತ್ತಿಯೇನು?"

ನಿಮ್ಮೂರು ಎಂದಳು ಅವ್ವ, ಎಷ್ಟು ಸುಲಭವಾಗಿ! ಬಸ್ಸು ಹಿಡಿಯುವ ತನಕ ಅದು ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಮರುದಿನ ತೆಂಗಿನ ಸೀಮೆಯಲ್ಲಿ ಇಳಿದೆ. ಗಂಗಮ್ಮ ಜಗಲಿಯಲ್ಲೇ ಕಾದಿದ್ದರು. "ಬಂದ್ಯಾ? ನಿಮ್ಮೂರಿಂದ ಏನ್ ತಂದೆ ತೆಗಿ."

ಮೊದಲು ರೊಟ್ಟಿಯ ಗಂಟು ಕೊಟ್ಟೆ. ಅದರ ಕೆಳಗಿದ್ದ ಕವರಿನ ಕಟ್ಟನ್ನು ಕಂಡು, "ಇದ್ಯಾವೂರ್ ಕಸವೇ?" ಎಂದರು.

"ನಮ್ಮೂರ್ದು" ಎಂದೆ.

ಅವರು ಅದನ್ನು ಬಿಚ್ಚಿ, ಸರಿಯಾಗಿ ತೊಳೆದಿದೆಯೇ ಎಂದು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಮತ್ತೆ ನಾರಿನಿಂದ ಕಟ್ಟಿ, ಬುಧವಾರದ ಬುಟ್ಟಿಯಲ್ಲಿ ತಮ್ಮ ಮನೆಯ ಕಟ್ಟಿನ ಪಕ್ಕದಲ್ಲೇ ಇಟ್ಟರು.