ದಾರಿ ಬಿಡುವ ಪರಮೇಶ್

ತಿಪಟೂರಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿರುವ ಪರಮೇಶ್‌ಗೆ ವಯಸ್ಸು ಐವತ್ತು ದಾಟಿದೆ. ಅವನು ಯಾರಿಗಾದರೂ ‘ಇಲ್ಲ’ ಎಂದದ್ದನ್ನು ಕಂಡವರು ಮಾತ್ರ ಊರಿನಲ್ಲಿ ಒಬ್ಬರೂ ಇಲ್ಲ. ಕಟಿಂಗ್ ಶಾಪಿನಲ್ಲಿ ಸರದಿ ಬಂದಾಗ ಪಕ್ಕದವನು ಸುಮ್ಮನೆ ಗಡ್ಡ ಕೆರೆದುಕೊಂಡರೂ ಸಾಕು, “ನೀವು ಕೂತ್ಕಳಿ, ನಂದೇನು ಅರ್ಜೆಂಟಿಲ್ಲ” ಎಂದು ಎದ್ದುಬಿಡುತ್ತಾನೆ. ಹೀಗೆ ಒಂದು ಭಾನುವಾರ ಬೆಳಿಗ್ಗೆ ಹೋದವನು ಊಟದ ಹೊತ್ತಿಗೆ ಅದೇ ತಲೆಯಲ್ಲಿ ಮನೆಗೆ ವಾಪಸಾಗಿದ್ದ. ಇದನ್ನೆಲ್ಲ ಊರಿಗೆ ಸಾರಿದವನೂ ಅವನೇ. ತನ್ನನ್ನು ಬೇರೆಯವರು ಆಡಿಕೊಳ್ಳುವ ಮೊದಲು ತಾನೇ ಆಡಿಕೊಂಡುಬಿಟ್ಟರೆ ಅರ್ಧ ಕೆಲಸ ಮುಗಿಯಿತು ಎನ್ನುವುದು ಅವನ ಲೆಕ್ಕಾಚಾರ.

ಇಂಥವನು ಬಾಸ್ಕೆಟ್‌ಬಾಲಿನಲ್ಲಿ ಎದುರಿನವರನ್ನು ತಡೆಯುವ ಡಿಫೆನ್ಸ್ ಆಡುತ್ತಾನೆ ಎನ್ನುವುದೇ ದೊಡ್ಡ ತಮಾಷೆ. ಕಾಲೇಜಿನಲ್ಲಿ ಉದ್ದಕ್ಕಿದ್ದ ಎನ್ನುವ ಒಂದೇ ಕಾರಣಕ್ಕೆ ತಂಡಕ್ಕೆ ಸೇರಿಸಿಕೊಂಡಿದ್ದರು. ಉದ್ದ ಹಾಗೇ ಉಳಿಯಿತು, ಅದಕ್ಕೆ ಹೊಟ್ಟೆ ಸೇರಿತು. ಈಗ ಸಂಜೆ ಅಂಗಡಿ ಮುಚ್ಚಿದ ಮೇಲೆ ತನ್ನ ವಯಸ್ಸಿನವರ ಬಳಗದ ಜೊತೆ ಸ್ಕೂಲ್ ಮೈದಾನದಲ್ಲಿ ಆಡುತ್ತಾನೆ. ಬಳಗ ವರ್ಷಕ್ಕೊಂದು ಸಲ ತುರುವೇಕೆರೆಗೆ ಹೋಗಿ ಅಲ್ಲಿಯ ಹಿರಿಯರ ತಂಡದ ಎದುರು ಸೋತು, ಹೊಟ್ಟೆ ತುಂಬ ಉಂಡು ಬರುತ್ತದೆ.

ಸೋಲುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಅವರು ಹಿಂದಿನಿಂದಲೂ ಆಡುತ್ತಿದ್ದದ್ದು ಮ್ಯಾನ್ ಟು ಮ್ಯಾನ್, ಅಂದರೆ ಎದುರು ತಂಡದ ಒಬ್ಬೊಬ್ಬರನ್ನು ನಮ್ಮವರು ಒಬ್ಬೊಬ್ಬರು ಹಿಡಿದುಕೊಂಡು ಬಿಡದೆ ಕಾಯುವುದು. ಆದರೆ ತುರುವೇಕೆರೆ ತಂಡದಲ್ಲಿದ್ದವರು ಹೊರಗಿನವರೇ? ಬಳಗದ ದಯಾನಂದ್ ಕಾಯಬೇಕಾಗಿದ್ದದ್ದು ಸ್ವಂತ ಹೆಂಡತಿಯ ಅಣ್ಣನನ್ನು. ಇನ್ನೊಬ್ಬನ ಪಾಲಿಗೆ ಬಂದಿದ್ದವರು ಅವನ ಮನೆಯ ಹಸುಗಳಿಗೆಲ್ಲ ಮದ್ದು ಕೊಡುವ ಡಾಕ್ಟರು. ಪರಮೇಶ್ ಪಾಲಿಗೆ ರುದ್ರೇಶ್. ತುರುವೇಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಭಾರಿ ಆಳು. ಹೋದ ವರ್ಷ ಪಂದ್ಯ ನಡೆದಾಗ ಪರಮೇಶ್ ಮಗಳು ಲಿಖಿತಾಳನ್ನು ರುದ್ರೇಶ್ ಮಗ ಪುನೀತ್‌ಗೆ ತರುವ ಮಾತುಕತೆ ನಡೆಯುತ್ತಿತ್ತು. ಗಂಡಿನ ಕಡೆಯವರ ಕೈಯಿಂದ ಚೆಂಡು ಕಿತ್ತುಕೊಳ್ಳುವುದುಂಟೇ? ರುದ್ರೇಶ್ ಚೆಂಡು ಹಿಡಿದು ಬಂದಾಗಲೆಲ್ಲ ಪರಮೇಶ್ ಪಂಕ್ತಿಯಲ್ಲಿ ಬಡಿಸಲು ಬಂದವನ ಥರ ಸೊಂಟ ಬಗ್ಗಿಸಿ ಪಕ್ಕಕ್ಕೆ ಸರಿದ.

“ಹೆಣ್ಣು ಕೊಡೋದಲ್ದೆ ಬಾಸ್ಕೆಟ್ಟೂ ಕೊಟ್ಟ ಕಣ್ಲಾ” ಎಂದು ವಾಪಸು ಬರುವಾಗ ದಯಾನಂದ್ ವ್ಯಾನಿನ ತುಂಬ ನಗಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ಪರಮೇಶ್.

ನಗು ನಿಂತದ್ದು ನಿಶ್ಚಿತಾರ್ಥದ ದಿನ. ಲಿಖಿತಾ ದೈಹಿಕ ಶಿಕ್ಷಣ ಓದಿದ ಹುಡುಗಿ. ಬೆಳಿಗ್ಗೆ ಸಂಜೆ ಹೈಸ್ಕೂಲ್ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತಾಳೆ. ಆ ಹುಡುಗಿಯರೆಂದರೆ ಅವಳಿಗೆ ಪ್ರಾಣ. ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ರುದ್ರೇಶ್ ಸಹಜವಾಗಿ ಹೇಳಿದರು: “ಮದ್ವೆ ಆದ್ಮೇಲೆ ಈ ಗ್ರೌಂಡು, ಸೀಟಿ ಎಲ್ಲ ಚೆನ್ನಾಗಿರಲ್ಲ. ಬುಟ್ಬುಡ್ಲಿ, ಅಲ್ವಾ ಬೀಗ್ರೇ?”

“ಹೌದೌದು, ಚೆನ್ನಾಗಿರಲ್ಲ” ಎಂದು ಪರಮೇಶ್ ಬಾಯಿ ಹೇಳಿತು. ತಾನು ಹೇಳಿದ್ದೇನು ಎನ್ನುವುದು ಅವನಿಗೆ ತಿಳಿದದ್ದು ಬಾಗಿಲಲ್ಲಿ ನೀರಿನ ಜಗ್ ಹಿಡಿದು ನಿಂತಿದ್ದ ಮಗಳ ಮುಖ ನೋಡಿದ ಮೇಲೆ.

ಲಿಖಿತಾ ರಂಪ ಮಾಡಲಿಲ್ಲ. ಮಾಡಿದ್ದರೆ ವಾಸಿಯಿತ್ತು. ಬಂದವರೆಲ್ಲ ಹೋದ ಮೇಲೆ ಅಪ್ಪನ ಮುಂದೆ ಬಂದು ಕೂತಳು. “ಪುನೀತ್‌ಗೆ ನಾನು ಆಡಿಸೋದು ಇಷ್ಟಾನೇ. ಆದ್ರೆ ಅವರಪ್ಪನ ಹತ್ರ ಹೇಳಕ್ಕೆ ಭಯ. ಹೌದು ಅಂದಿದ್ದು ನೀನು ಅಲ್ವಾ ಅಪ್ಪಾ? ಇಲ್ಲ ಅಂತಾನೂ ನೀನೇ ಹೇಳು.”

ಅಳಿಯನಾಗುವವನೂ ತನ್ನ ಜಾತಿಯ ಪ್ರಾಣಿಯೇ ಎಂದು ತಿಳಿದು ಪರಮೇಶ್‌ಗೆ ಒಂದು ಗಳಿಗೆ ಸಮಾಧಾನವಾಯಿತು, ಮರುಗಳಿಗೆ ಮಗಳ ಗತಿ ನೆನೆದು ಆ ಸಮಾಧಾನವೂ ಹೋಯಿತು. ಮಾರನೆಯ ದಿನ ಧೈರ್ಯ ಮಾಡಿ ರುದ್ರೇಶ್‌ಗೆ ಫೋನ್ ಹಚ್ಚಿದ. ಕೊಬ್ಬರಿ ರೇಟು ಕೇಳಿದ. ಮಳೆ ಕೇಳಿದ. ಬೀಗಿತ್ತಿಯ ಮಂಡಿನೋವು ಕೇಳಿ, ಒಂದು ಎಣ್ಣೆಯ ಹೆಸರು ಹೇಳಿ, ಫೋನ್ ಇಟ್ಟ. ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ಗಿರಿಜಾಂಬಿಕಾ ಹೊರಗೆ ಬಂದಳು. “ನಿಮ್ಮಂಥೋರ್ನ ಬಾಗಿಲಿಗೆ ಚಿಲಕ ಮಾಡಿದ್ರೆ ಕಳ್ರಿಗೆ ಒಳಗಿಂದ ತೆಗ್ದು ಕಾಫಿ ಕೊಡ್ತೀರಿ” ಎಂದಳು. ಮೂರು ಸಲ ಫೋನ್ ಮಾಡಿದರೂ ಅವನು ಅದೇ ಮಂಡಿನೋವಿನ ತನಕ ಹೋಗಿ ತಿರುಗಿ ಬಂದ. ಮದುವೆಗೆ ಇನ್ನೊಂದು ತಿಂಗಳಿತ್ತು. ನಡುವೆ ತುರುವೇಕೆರೆ ಪಂದ್ಯ ಬಂತು.

ಈ ಸಲವಾದರೂ ಮಾನ ಉಳಿಸಿಕೊಳ್ಳಬೇಕೆಂದು ಬಳಗದವರು ಲಿಖಿತಾಳನ್ನು ಕರೆದು ಆಟ ನೋಡಲು ಹೇಳಿದರು. ಅವಳು ಸ್ವಲ್ಪ ಹೊತ್ತು ನೋಡಿ, ಪಕ್ಕದ ತೋಟದ ಬೇಲಿ ಹತ್ತಿರ ಬಿದ್ದಿದ್ದ ಐದು ತೆಂಗಿನ ಚಿಪ್ಪು ತಂದು ರಿಂಗಿನ ಮುಂದೆ ಅಲ್ಲಲ್ಲಿ ಬೋರಲು ಹಾಕಿದಳು.

“ಇನ್ಮೇಲೆ ಯಾರೂ ಯಾರನ್ನೂ ಕಾಯ್ಬೇಡಿ. ಜೋನ್ ಆಡಿ. ಒಬ್ಬೊಬ್ರಿಗೆ ಒಂದೊಂದು ಜಾಗ. ಅಲ್ಲಿಗೆ ಭಾವ ಬರ್ಲಿ, ಡಾಕ್ಟ್ರು ಬರ್ಲಿ, ಯಾರ್ ಬಂದ್ರೂ ತಡೀರಿ. ಮುಖ ನೋಡ್ಬೇಡಿ.” ನಡುವಿನ ಚಿಪ್ಪಿನ ಹತ್ತಿರ ಅಪ್ಪನನ್ನು ನಿಲ್ಲಿಸಿದಳು. “ನೀನು ಓಡೋದೇ ಬೇಡ. ಕೈ ಮೇಲೆತ್ತಿ ನಿಂತ್ಕೋ. ಜಾಗ ಬಿಡ್ಬೇಡ, ಅಷ್ಟೇ.”

ನಿಂತುಕೊಳ್ಳುವುದೂ ಆಟವೇ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಇಷ್ಟು ವರ್ಷ ಓಡುತ್ತಲೇ ಇರಲಿಲ್ಲವಲ್ಲ ಎಂದು ಪರಮೇಶ್‌ಗೆ ಖುಷಿಯಾಯಿತು. ಖುಷಿ ದಯಾನಂದ್ ಚೆಂಡು ಹಿಡಿದು ನುಗ್ಗುವ ತನಕ ಇತ್ತು. ಎದುರು ಬಂದವನನ್ನು ಕಂಡದ್ದೇ ಪರಮೇಶ್‌ನ ಕಾಲು ತಾನಾಗಿ ಪಕ್ಕಕ್ಕೆ ಹೋಯಿತು. ಮತ್ತೆ ಆಡಿಸಿದರು, ಮತ್ತೆ ಹೋಯಿತು. “ಅಪ್ಪಾ, ಜಾಗ!” ಎಂದು ಲಿಖಿತಾ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಕೊನೆಗೆ ಪರಮೇಶ್ ಒಂದು ಉಪಾಯ ಕಂಡುಕೊಂಡ. ಯಾರಾದರೂ ನುಗ್ಗಿ ಬಂದರೆ ಕಣ್ಣು ಮುಚ್ಚಿಕೊಳ್ಳುವುದು. ಯಾರು ಎಂದು ಗೊತ್ತಿಲ್ಲದಿದ್ದರೆ ಯಾರಿಗೆ ಎಂದು ದಾರಿ ಬಿಡುವುದು? ಬಾಸ್ಕೆಟ್‌ಬಾಲಿನಲ್ಲಿ ಇಂಥ ಡಿಫೆನ್ಸ್ ಬೇರೆ ಯಾರೂ ಆಡಿರಲಾರರು ಎಂದು ಅವನಿಗೇ ನಗು ಬಂತು.

ತುರುವೇಕೆರೆಯಲ್ಲಿ ಭಾನುವಾರ ಸಂಜೆ ಜನ ಚೆನ್ನಾಗಿ ಸೇರಿದ್ದರು. ಜೋನ್ ಕಂಡು ಎದುರಿನವರು ಮೊದಲು ತಬ್ಬಿಬ್ಬಾದರು. ದಯಾನಂದ್ ಹೆಂಡತಿಯ ಅಣ್ಣನ ಚೆಂಡನ್ನೇ ಹೊಡೆದುಹಾಕಿ, ಆಮೇಲೆ ತಾನೇ ಗಾಬರಿಯಾದ. ಆದರೆ ರುದ್ರೇಶ್‌ಗೆ ಜೋನೂ ಒಂದೇ, ಇನ್ನೊಂದೂ ಒಂದೇ. ನಡುವೆ ನಿಂತಿರುವವನು ಬೀಗ ಎಂದು ಗೊತ್ತಿತ್ತು. “ಬೀಗ್ರೇ, ಒಂಚೂರು” ಎನ್ನುತ್ತ ಬಂದರು, ಕಣ್ಣು ಮುಚ್ಚಿದ್ದರೂ ದನಿ ಗುರುತಾಗಿ ಪರಮೇಶ್ ಸರಿದ, ಚೆಂಡು ರಿಂಗಿಗೆ ಬಿತ್ತು. ಎರಡನೇ ಸಲವೂ ಹಾಗೇ ಆಯಿತು. ಜನ ನಕ್ಕರು. ಪರಮೇಶ್ ರೂಢಿಯಂತೆ ತಾನೂ ನಗಲು ಹೋಗಿ ಬೆಂಚಿನ ಕಡೆ ನೋಡಿದ. ಲಿಖಿತಾ ಈ ಸಲ ಕೂಗುತ್ತಿರಲಿಲ್ಲ. ಕುತ್ತಿಗೆಯಲ್ಲಿದ್ದ ಸೀಟಿಯನ್ನು ತೆಗೆದು, ಅದರ ದಾರವನ್ನು ಸುತ್ತಿ ಸುತ್ತಿ ಬ್ಯಾಗಿನೊಳಗೆ ಇಡುತ್ತಿದ್ದಳು.

ಪರಮೇಶ್‌ಗೆ ನಗು ಬರಲಿಲ್ಲ. ನಾಚಿಕೆಯಾಯಿತು, ಹಿಂದೆಂದೂ ಆಗದಷ್ಟು.

ಮೂರನೇ ಸಲ ರುದ್ರೇಶ್ ಬಂದರು. “ಬೀಗ್ರೇ…” ಪರಮೇಶ್ ಎರಡೂ ಕೈ ಮೇಲೆತ್ತಿದ. ಕಣ್ಣು ಮುಚ್ಚಿಕೊಳ್ಳಬೇಕೆಂದುಕೊಂಡಿದ್ದವನು ಅದನ್ನು ಮರೆತೇಬಿಟ್ಟ. ಬರುತ್ತಿರುವವರು ಯಾರೆಂದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಕಾಲು ಜಾಗ ಬಿಡಲಿಲ್ಲ. ರುದ್ರೇಶ್ ನೇರ ಬಂದು ಅವನ ಹೊಟ್ಟೆಗೆ ಬಡಿದರು. ಇಬ್ಬರೂ ಸಿಮೆಂಟಿನ ಮೇಲೆ ಉರುಳಿದರು.

ರೆಫರಿ ಸೀಟಿ ಊದಿ, ನಿಂತಿದ್ದವನ ಮೇಲೆ ನುಗ್ಗಿದ ತಪ್ಪು ರುದ್ರೇಶ್‌ದೇ ಎಂದು ಕೈ ತೋರಿಸಿದ.

“ಏನ್ರೀ ಬೀಗ್ರೇ,” ರುದ್ರೇಶ್ ಮೊಣಕಾಲು ಹಿಡಿದುಕೊಂಡು ಕೂತಲ್ಲಿಂದಲೇ ಕೇಳಿದರು, “ಜಾಗ ಬುಡಾದಲ್ವಾ?”

ಕ್ಷಮೆ ಕೇಳುವ ಮಾತು ಪರಮೇಶ್‌ನ ನಾಲಿಗೆ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡ. “ಬುಡಲ್ಲ ಕಣ್ರೀ. ನಾನೂ ಬುಡಲ್ಲ, ಲಿಖಿತಾನೂ ಗ್ರೌಂಡ್ ಬುಡಲ್ಲ. ಅವತ್ತು ಹೋಳಿಗೆ ತಿನ್ನೋವಾಗ ಹೌದು ಅಂದಿದ್ದು ಸುಮ್ನೆ ಬಾಯಿಗೆ ಬಂದ್ಬುಡ್ತು. ಮದ್ವೆ ಆದ್ಮೇಲೂ ಅವ್ಳು ಮಕ್ಕಳ್ನ ಆಡುಸ್ತಾಳೆ.” ಇಷ್ಟು ಹೇಳುವಷ್ಟರಲ್ಲಿ ಆಡಿದ್ದಕ್ಕಿಂತ ಹೆಚ್ಚು ಮೈ ಬೆವತಿತ್ತು.

ರುದ್ರೇಶ್ ಅವನನ್ನೇ ನೋಡಿದರು. ಮೊಣಕಾಲು ನೋಡಿಕೊಂಡರು. ಬೆಂಚಿನ ಹತ್ತಿರ ಎದ್ದು ನಿಂತಿದ್ದ ಹುಡುಗಿಯನ್ನು ನೋಡಿದರು.

“ಆಡುಸ್ಲಿ ಬುಡಿ, ಯಾರ್ ಬೇಡ ಅಂದೋರು” ಎಂದರು ಕೊನೆಗೆ. “ಇದ್ನ ಫೋನಲ್ಲೇ ಹೇಳ್ಬೋದಿತ್ತಲ್ರೀ. ಮೂರು ಸಲ ಮಾಡಿದ್ರಿ. ನನ್ನ ಕಾಲಾದ್ರೂ ಉಳೀತಿತ್ತು.”

ಪರಮೇಶ್ ಕೈ ಕೊಟ್ಟು ಬೀಗರನ್ನು ಎಬ್ಬಿಸಿದ. ಆಮೇಲೆ ತನ್ನ ಜಾಗಕ್ಕೆ ಹೋಗಿ ಎರಡೂ ಕೈ ಮೇಲೆತ್ತಿ, ಇನ್ನು ಯಾರು ಬೇಕಾದರೂ ಬನ್ನಿ ಎನ್ನುವ ಹಾಗೆ ಎದೆ ಉಬ್ಬಿಸಿ ನಿಂತುಕೊಂಡ. ಆಟ ಶುರುವಾಗಿ ಎಲ್ಲರೂ ಆಚೆ ರಿಂಗಿನ ಕಡೆ ಹೋದರೂ ಅವನು ಒಬ್ಬನೇ ಹಾಗೆ ನಿಂತಿದ್ದ. ಬೆಂಚಿನ ಕಡೆಯಿಂದ ಸೀಟಿಯ ಸದ್ದು ಬಂತು, ಹಿಂದೆಯೇ ನಗುವೋ ಅಳುವೋ ತಿಳಿಯದ ಮಗಳ ದನಿ.

“ಅಪ್ಪಾ! ಬಾಲ್ ಈಗ ನಮ್ದು ಕಣಪ್ಪಾ! ಓಡು!”