ಅತ್ತೆಗೆ ಬಿಪಿ ಇದೆಯಾ?

ತೊಂಬತ್ತೆರಡು ವರ್ಷದ ನಮ್ಮತ್ತೆ ಬಂಗಾಳದ ಟಾಲಿಗಂಜ್‌ನ ನಮ್ಮ ಮನೆಯಲ್ಲಿ ಎರಡು ಸಲ ತಲೆ ತಿರುಗಿ ಬೀಳುವುದರಲ್ಲಿದ್ದರು. ಎರಡು ಸಲವೂ ಮಂಚದಿಂದ ಏಳುವಾಗ. ದಿನಾ ಎರಡು ಮಾತ್ರೆ ನುಂಗುತ್ತಿದ್ದರೂ ಬಿಪಿ ಏರಿರಬೇಕೆಂದು ನಾನು ಲೇಕ್ ಮಾರ್ಕೆಟ್‌ನಿಂದ ತಂದಿದ್ದ ಉಪ್ಪಿನಕಾಯಿಯನ್ನು ಬಚ್ಚಿಟ್ಟು, ಅವರನ್ನು ನಮ್ಮ ಬೀದಿಗೆ ಹೊಸದಾಗಿ ಬಂದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರ್ ಇನ್ನೂ ಹುಡುಗ, ಬಂಗಾಳಿ. "ದಿದಾ, ಪ್ರೆಷರ್ ಆಛೆ?" ಎಂದ. ಅಜ್ಜಿ, ಬಿಪಿ ಇದೆಯಾ ಅಂತ. ನಾನು ಅದನ್ನೇ ಕನ್ನಡದಲ್ಲಿ ಕೇಳಿದೆ.

"ಇಲ್ದೇ ಇರತ್ತೇನೆ? ಇಲ್ದಿದ್ರೆ ಇಷ್ಟು ಹೊತ್ತಿಗೆ ನೀವೆಲ್ಲ ನನ್ನ ಹೊತ್ಕೊಂಡು ಹೋಗಿರ್ತಿದ್ರಿ," ಎಂದರು ಅತ್ತೆ.

ಇದನ್ನು ಹೇಗಪ್ಪಾ ಹೇಳುವುದೆಂದು ತಡವರಿಸಿ, ಕೊನೆಗೆ ಇದ್ದದ್ದು ಇದ್ದ ಹಾಗೇ ಹಿಂದಿಯಲ್ಲಿ ಒಪ್ಪಿಸಿದೆ. ಆತ ನಗಲಿಲ್ಲ. "ದಿದಾ ಹೇಳಿದ್ದು ಸರಿ," ಎಂದವನೇ ಅವರನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದ. ನಿಂತಾಗ ಅದು ಸರ್ರನೆ ಇಳಿದಿತ್ತು. "ಇವರ ವಯಸ್ಸಿಗೆ ಸ್ವಲ್ಪ ಹೆಚ್ಚಿದ್ದರೆ ನನಗೆ ಅಷ್ಟು ಭಯವಿಲ್ಲ. ಮಾತ್ರೆ ಕೊಟ್ಟು ತೀರಾ ಇಳಿಸಿಬಿಟ್ಟರೆ ಜೀವಕ್ಕೇ ಅಪಾಯ," ಎಂದು ಅವರ ಎರಡು ಬಿಪಿ ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿದ.

ಈಗ ಅತ್ತೆ ಗೋಡೆ ಹಿಡಿಯದೆ ಓಡಾಡುತ್ತಾರೆ. ನಾನು ಬಚ್ಚಿಟ್ಟ ಉಪ್ಪಿನಕಾಯಿಯನ್ನೂ ಹುಡುಕಿಕೊಂಡಿದ್ದಾರೆ. ಮಾತ್ರೆ ಬರೆಯುವ ಡಾಕ್ಟರು ಎಲ್ಲೆಲ್ಲೂ ಸಿಗುತ್ತಾರೆ, ಬಿಡಿಸಿದ ಆ ಹುಡುಗನನ್ನು ಮಾತ್ರ ನಾನು ದಿನಾ ನೆನೆಯುತ್ತೇನೆ.

ಮೈಸೂರಿನಿಂದ ಫೋನ್ ಮಾಡಿದ ನೆಂಟರು ಬಿಪಿ ಇದೆಯಾ ಎಂದು ಕೇಳಿದರೆ ಅತ್ತೆಯದು ಒಂದೇ ಉತ್ತರ:

"ಇದೆಯಪ್ಪ, ದೇವರು ಅಷ್ಟು ಕೊಟ್ಟಿದಾನೆ."