ಕಾದ ನೆಲದ ಹುಲ್ಲು

ಬಸ್ ಡ್ರೈವರ್ ಗಥೋಗೊ ಮೊದಲ ಸಲ ಸಿಲಾಂತೊಯ್‌ಳನ್ನು ಕಂಡಾಗ ಅವಳ ಹಲ್ಲು ಒಬ್ಬ ಗಂಡಸಿನ ಮುಂಗೈಯಲ್ಲಿ ನಾಟಿತ್ತು.

ನೈವಾಶಾ ಸರೋವರದಾಚೆ, ನೆಲ ಹಬೆ ಕಾರುವ ಆ ದೊಡ್ಡ ಉದ್ಯಾನದ ಗೇಟಿನೆದುರು ಅವನು ಬಸ್ ನಿಲ್ಲಿಸಿದ್ದ. ಚಳಿಯ ಬೆಳಿಗ್ಗೆ. ಬಸ್ಸಿನ ತುಂಬ ನ್ಯೇರಿ ಪಟ್ಟಣದ ಚರ್ಚಿನ ಹೆಂಗಸರು, ಮಡಿಲಲ್ಲಿ ಬೇಯಿಸಿದ ಗೆಣಸು. ಯಾವ ಗೈಡು ಮೊದಲು ಮೆಟ್ಟಿಲು ಹತ್ತುತ್ತಾನೋ ಬಸ್ಸು ಅವನದು, ಅದು ಆ ಗೇಟಿನ ರೂಢಿ. ಅಂದು ಮೊದಲು ಹತ್ತಿದವಳು ಸಿಲಾಂತೊಯ್. ಹಿಂದೆ ಬಂದ ಧಡೂತಿ ಗೈಡೊಬ್ಬ ಅವಳ ಕೊರಳ ಮಣಿಪಟ್ಟಿಗೆ ಕೈಹಾಕಿ ಜಗ್ಗಿದ. ದಾರ ಹರಿದು ಮಣಿಗಳು ಹೆಸರುಕಾಳಿನಂತೆ ಮೆಟ್ಟಿಲ ಮೇಲೆಲ್ಲ ಚೆಲ್ಲಿದವು. ಅವಳು ಕೂಗಲಿಲ್ಲ, ತಿರುಗಿ ಕಚ್ಚಿದಳು. ಅವನು ಅವಳ ತಲೆಯನ್ನು ಬಾಗಿಲ ಕಂಬಿಗೆ ಬಡಿದ, ಮತ್ತೆ ಬಡಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಹಲ್ಲು ಮಾತ್ರ ಸಡಿಲಲಿಲ್ಲ.

"ಬಿಡೇ ತಾಯಿ! ಬಸ್ಸು ನಿಂದೇ, ಬಿಡು!" ಎಂದು ಕೊನೆಗೆ ಅವನೇ ಅರಚಿದ.

ಅವಳು ಹೊದ್ದ ಕೆಂಪು ಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡು ಮೈಕಿಗೆ ಕೈಚಾಚಿದಳು.

"ಏನಮ್ಮ, ಮನೇಲಿ ತಿಂದು ಬರ್ಲಿಲ್ವಾ?" ಎಂದ ಗಥೋಗೊ.

"ತಿಂದಿದ್ದೆ ಅಣ್ಣ. ಗಂಜಿಗೆ ಉಪ್ಪು ಕಮ್ಮಿಯಾಗಿತ್ತು."

ಅಂದಿನಿಂದ ಅವನ ಬಸ್ಸಿಗೆ ಅವಳೇ ಗೈಡಾದಳು. ಅವನು ಕಿಕುಯು ಜನಾಂಗದವನು, ಅವಳು ದನಗಾಹಿ ಮಾಸಾಯಿಗಳವಳು. ಮಾತೆಲ್ಲ ಇಬ್ಬರಿಗೂ ಬರುವ ಸ್ವಾಹಿಲಿಯಲ್ಲಿ. ಹಬೆಯ ಬಿಲಗಳ ಬಾಯಲ್ಲಿ ಹನಿಯುವ ನೀರು ಹಿಡಿದು ಕುಡಿದು ಬೆಳೆದವಳು ತಾನೆಂದು ಅವಳು ಹೇಳಿದ್ದಳು. ಚಿಕ್ಕ ವಯಸ್ಸಿಗೇ ಮದುವೆ. ಗಂಡ ಹೊಡೆದು ಹೊಡೆದು ಒಂದು ದಿನ ಪಕ್ಕೆಲುಬು ಮುರಿದ. ಆಗ ಅವಳನ್ನು ಹೊತ್ತು ತಂದವನು ತಮ್ಮ ಕೊಯ್ಲೆಕೆನ್. ಹೊತ್ತು ತರುವ ಮುನ್ನ ಭಾವನ ಮೊಣಕಾಲನ್ನು ದೊಣ್ಣೆಯಿಂದ ಪುಡಿ ಮಾಡಿದ್ದ. "ಅವನೊಬ್ಬ ಇಲ್ದಿದ್ರೆ ನಾನು ಮಣ್ಣಾಗ್ತಿದ್ದೆ," ಎನ್ನುತ್ತಿದ್ದಳು.

ಮರುವರ್ಷ, ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ, ನಿವೃತ್ತ ಮೇಷ್ಟ್ರುಗಳ ತಂಡವನ್ನು ಕರೆದುಕೊಂಡು ಅವರಿಬ್ಬರೂ ಬಸ್ಸಿನಲ್ಲಿ ಗುಡ್ಡ ಹತ್ತುತ್ತಿದ್ದರು.

"ಆ ಬಿಲದಲ್ಲಿ ಮೊಟ್ಟೆ ಬೇಯುತ್ತಾ?" ಒಬ್ಬ ಮೇಷ್ಟ್ರು ಕೇಳಿದರು.

"ಮೊಟ್ಟೆ ಏನು, ಮೇಷ್ಟ್ರೂ ಬೇಯ್ತಾರೆ. ಇಳಿದ ಮೇಲೆ ನನ್ನ ಹೆಜ್ಜೆ ಬಿಟ್ಟು ಅತ್ತಿತ್ತ ಹೋಗ್ಬೇಡಿ," ಎಂದಳು ಸಿಲಾಂತೊಯ್ ಮೈಕಿನಲ್ಲಿ.

ಬಸ್ಸು ಇಡೀ ನಕ್ಕಿತು. ಆ ತಿರುವಿನಲ್ಲಿ ಗಾಳಿ ಬದಲಾಗಿ ಹಬೆ ರಸ್ತೆಗೆ ಅಡ್ಡ ಬಂತು. ಗಥೋಗೊ ವೇಗ ಇಳಿಸಲಿಲ್ಲ. ಬಿಳಿ ಹಬೆಯೊಳಗಿಂದ ಒಂದು ಕೊಂಬು ಕಂಡಿತು, ಅಷ್ಟರಲ್ಲಿ ಬಡಿದಾಗಿತ್ತು.

ತುಂಬುಗಬ್ಬದ ಹಸು. ಮುಂಗಾಲು ಎರಡೂ ಮುರಿದು, ಹೊಟ್ಟೆ ಹರಿದು, ರಸ್ತೆಯಲ್ಲಿ ಬಿದ್ದು ಒರಲುತ್ತಿತ್ತು. ಅದರ ಹಿಂದೆ ಹಬೆಯಿಂದ ಹೊರಬಂದವನು ಅದರ ಒಡೆಯ ಕೊಯ್ಲೆಕೆನ್, ಜೊತೆಗೆ ಇಬ್ಬರು ಗೆಳೆಯರು. ಅವನು ಹಸುವಿನ ಕಿವಿಯಲ್ಲಿ ಏನೋ ಹೇಳಿ, ತಾನೇ ಅದರ ಕುತ್ತಿಗೆ ಕೊಯ್ದ. ಅದೇ ಕೆಂಪು ಕೈಯಿಂದ ಬಸ್ಸಿನ ಬಾಗಿಲು ಕಿತ್ತು ತೆಗೆದು ಗಥೋಗೊನನ್ನು ಕೆಳಗೆಳೆದ.

ಮೊದಲ ಪೆಟ್ಟಿಗೇ ಭುಜದ ಮೂಳೆ ಒಣಸೌದೆಯಂತೆ ಲಟಕ್ಕೆಂದಿತು. ಎರಡನೆಯದು ಬಾಯಿಗೆ. ಅವನು ತೆವಳುತ್ತ ರಸ್ತೆಯಿಂದ ಬಿಸಿನೆಲಕ್ಕೆ ಉರುಳಿದ. ಅಂಗೈ ಸುಟ್ಟಿತು. ಮೇಲೆ ಮೂರು ದೊಣ್ಣೆ.

"ಇಂಕುಜಿತ್! ಇಂಕುಜಿತ್!" ಸಿಲಾಂತೊಯ್ ಕಿರುಚುತ್ತಿದ್ದಳು. ಗಾಬರಿಯಲ್ಲಿ ಅವಳ ಬಾಯಿಗೆ ಸ್ವಾಹಿಲಿ ಬರಲಿಲ್ಲ.

ಗಥೋಗೊಗೆ ಆ ಮಾತು ಗೊತ್ತಿರಲಿಲ್ಲ. ತಿರುಗಿ ಹೊಡೆ ಎನ್ನುತ್ತಿದ್ದಾಳೆಂದುಕೊಂಡು, ಕೈಗೆ ಸಿಕ್ಕ ಕಲ್ಲನ್ನು ಬೀಸಿದ. ಅದು ಒಬ್ಬನ ಹಲ್ಲು ಉದುರಿಸಿತು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅಲ್ಲಿಯವರೆಗೆ ಅವರು ಹೊಡೆಯುತ್ತಿದ್ದರು, ಈಗ ಕೊಲ್ಲಲು ನಿಂತರು.

ಇಂಕುಜಿತ್ ಎಂದರೆ ಹುಲ್ಲು. ಒಂದು ಹಿಡಿ ಹುಲ್ಲು ಕಿತ್ತು ಎತ್ತಿ ಹಿಡಿದವನ ಮೇಲೆ ಮಾಸಾಯಿ ಕೈ ಮಾಡುವುದಿಲ್ಲ. ದನದ ಬಾಯಿಯ ತುತ್ತಿಗೆ ಹೊಡೆದರೆ ದನಕ್ಕೇ ಹೊಡೆದಂತೆ. ಆದರೆ ಆ ಸುಟ್ಟ ಕೆಂಪು ಮಣ್ಣಿನಲ್ಲಿ ಎಲ್ಲಿಯ ಹುಲ್ಲು? ಹಬೆಯ ಬಿಲದ ತುಟಿಯಲ್ಲಿ ಮಾತ್ರ ಕೂದಲಿನಂಥ ಸಣ್ಣ ಹುಲ್ಲು ಬೆಳೆಯುತ್ತದೆ. ಅದು ಸಿಲಾಂತೊಯ್‌ಗೆ ಗೊತ್ತಿತ್ತು. ಓಡಿಹೋಗಿ ಮಂಡಿಯೂರಿ ಬಲಗೈಯನ್ನು ಹಬೆಯೊಳಗೆ ತೂರಿಸಿದಳು. ಬೇರು ಗಟ್ಟಿಯಾಗಿತ್ತು. ಅವಳು ಅರಚುತ್ತಲೇ ಜಗ್ಗಿದಳು. ಕೈ ಹೊರಬಂದಾಗ ಅದರ ಚರ್ಮ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಜಾರುತ್ತಿತ್ತು. ಮುಷ್ಟಿಯಲ್ಲಿ ಹುಲ್ಲಿತ್ತು.

ಅವಳು ಗಥೋಗೊನ ಮೇಲೆ ಅಡ್ಡ ಬಿದ್ದು ಮುಷ್ಟಿ ಎತ್ತಿದಳು. ಇಳಿಯುತ್ತಿದ್ದ ದೊಣ್ಣೆಯನ್ನು ಕೊಯ್ಲೆಕೆನ್ ಹೇಗೋ ತಿರುಗಿಸಿದ. ಅದು ಗಥೋಗೊನ ಕಿವಿಯ ಪಕ್ಕದ ನೆಲಕ್ಕೆ ಬಡಿಯಿತು.

"ಪಕ್ಕಕ್ಕೆ ಸರಿ, ಅಕ್ಕಾ."

"ಕಣ್ಣಿಲ್ವೇನೋ? ಹುಲ್ಲಿದೆ."

"ಅವನು ಹಿಡೀಬೇಕಿತ್ತು. ಅವನು ಕಲ್ಲು ಹಿಡಿದ!"

"ಅವನಿಗೆ ನಮ್ಮ ಮಾತು ಬರಲ್ಲ ಕಣೋ. ನಂಗೆ ಬರುತ್ತಲ್ಲ. ನಾನು ಹಿಡ್ದಿದೀನಿ."

ಕೊಯ್ಲೆಕೆನ್ ದೊಣ್ಣೆ ಕೆಳಗಿಳಿಸಿದ. ಅಕ್ಕನ ಕೈ ನೋಡಿದ, ಸತ್ತ ಹಸುವನ್ನು ನೋಡಿದ.

"ಹುಲ್ಲು ಮನುಷ್ಯನಿಗೆ. ಬಸ್ಸಿಗಲ್ಲ," ಎಂದ.

ಹಾಗೆಂದವನು ಬಸ್ಸನ್ನು ಸುತ್ತುಹಾಕುತ್ತ ಒಂದೊಂದೇ ಗಾಜನ್ನು ಒಡೆದ. ಒಳಗೆ ಮೇಷ್ಟ್ರುಗಳು ಸೀಟಿನಡಿ ಸೇರಿ ದೇವರನ್ನು ಕೂಗುತ್ತಿದ್ದರು. ಒಬ್ಬರ ಕೆನ್ನೆಗೆ ಚೂರು ಹೊಕ್ಕಿತ್ತು.

"ಒಡೀಲಿ ಬಿಡಣ್ಣ," ಎಂದಳು ಸಿಲಾಂತೊಯ್, ಈಗ ಸ್ವಾಹಿಲಿಯಲ್ಲಿ. "ಕೈ ಸೋತ್ರೆ ತಾನೇ ಹೋಗ್ತಾನೆ."

ಗಥೋಗೊ ಬದುಕಿದ. ಭುಜ ವಾರೆಯಾಗಿಯೇ ಕೂಡಿಕೊಂಡಿತು. ಅವಳ ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಮುರುಟಿಹೋದವು. ಆಸ್ಪತ್ರೆಯಿಂದ ಬಂದವಳು ಸತ್ತ ಹಸುವಿನ ಬದಲಿಗೆ ತನ್ನ ಪಾಲಿನ ಕಡಸನ್ನು ತಮ್ಮನ ದೊಡ್ಡಿಗೆ ಹೊಡೆದುಕೊಂಡು ಹೋಗಿ ಬಿಟ್ಟಳು. ಅವನು ಅದನ್ನು ಕಟ್ಟಿಕೊಂಡ, ಅವಳನ್ನು ಮಾತಾಡಿಸಲಿಲ್ಲ. ಇವತ್ತಿಗೂ ಮಾತಾಡಿಸುವುದಿಲ್ಲ.

ಸಿಲಾಂತೊಯ್ ಈಗಲೂ ಅದೇ ಗೇಟಿನಲ್ಲಿ ಗೈಡು. ಮೈಕನ್ನು ಎಡಗೈಯಲ್ಲಿ ಹಿಡಿಯುತ್ತಾಳೆ. ಬಸ್ಸು ಆ ತಿರುವಿಗೆ ಬಂದಾಗ ಕೆಳಗಿಳಿದು, ಹಬೆಯೊಳಗೆ ಮುಂದೆ ಮುಂದೆ ನಡೆದು, ದನಗಳಿಲ್ಲವೆಂದು ನೋಡಿದ ಮೇಲೆ ಗಥೋಗೊಗೆ ಕೈಬೀಸುತ್ತಾಳೆ.